ಗೆಳೆಯನ ಸ್ಟೇಷನ್ ಮುಚ್ಚುವ ಕೆಲಸ

ಬೆಳಗಿನ ನೆಟ್‌ನಲ್ಲಿ, ಅಂದರೆ ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸೇರುವ ಕೂಟದಲ್ಲಿ, ಹಾಜರಿ ಕೂಗುವಾಗ ಒಂದು ಕಾಲ್‌ಸೈನಿಗೆ (ಪರವಾನಗಿಯೊಂದಿಗೆ ಸಿಗುವ ಕರೆಹೆಸರಿಗೆ) ಉತ್ತರ ಬರದಿದ್ದರೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಮೊದಲು ದೂರುವುದು ಆಕಾಶವನ್ನು. ದೂರಲು ಕಾರಣವೂ ಇದೆ. 40 ಮೀಟರ್ ಬ್ಯಾಂಡ್‌ನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ನಲ್ಲಿ, ಮೈಸೂರಿನ ದನಿ ಶಿವಮೊಗ್ಗದಲ್ಲಿ ಕೇಳಬೇಕಾದರೆ ಅಲೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿ, ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಂಶವುಳ್ಳ ವಲಯದ) ಎಫ್2 ಪದರಕ್ಕೆ ತಾಗಿ, ಹಾಗೇ ಕೆಳಗಿಳಿಯಬೇಕು. ಆ ಹೊತ್ತಿನಲ್ಲಿ ಪದರಕ್ಕೆ 7 ಮೆಗಾಹರ್ಟ್ಸ್ ಅಲೆಯನ್ನು ತಿರುಗಿಸುವ ಕಸುವು ಇಲ್ಲದಿದ್ದರೆ ಅಲೆ ಅದನ್ನು ತೂರಿಕೊಂಡು ಹೊರಟೇಹೋಗುತ್ತದೆ. ಓರೆಯಾಗಿ ಬರುವ ಅಲೆಗೆ ಅಷ್ಟು ಕಸುವು ಬೇಡ. ಹಾಗಾಗಿ ದೆಹಲಿಯವರು ಪಕ್ಕದ ಕೋಣೆಯಲ್ಲಿದ್ದಷ್ಟು ಜೋರಾಗಿ ಕೇಳುತ್ತಾರೆ, ಇನ್ನೂರು ಕಿಲೋಮೀಟರ್ ದೂರದವರ ಸುಳಿವೇ ಇರುವುದಿಲ್ಲ. ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಪದರ ಅತಿ ದುರ್ಬಲ. ಸೂರ್ಯನ ಚಟುವಟಿಕೆ ಏರಿಳಿಯುವ ಸೌರಚಕ್ರ ತಳ ಮುಟ್ಟಿದ ವರ್ಷಗಳಲ್ಲಿ ಇದು ಇನ್ನೂ ಕಷ್ಟ. ಕಳೆದ ಬಾರಿ ತಳ ಮುಟ್ಟಿದ್ದು 2019ರ ಡಿಸೆಂಬರ್‌ನಲ್ಲಿ.

ಆಕಾಶ ಸರಿಯಿದ್ದರೂ ಕರೆಂಟ್ ಇಲ್ಲದಿರಬಹುದು, ಮಳೆ ನೀರು ಆಂಟೆನಾದ ಕೋಆಕ್ಸ್ ಕೇಬಲ್ಲಿನೊಳಗೆ ಇಳಿದಿರಬಹುದು, ಮಗಳ ಮನೆಗೆ ಹೋಗಿರಬಹುದು. ಹೀಗಾಗಿ ಹ್ಯಾಮ್ ಒಬ್ಬರು ತೀರಿಕೊಂಡ ಸುದ್ದಿ ಗೆಳೆಯರಿಗೆ ತಲುಪುವುದು ಯಾವಾಗಲೂ ತಡ. ವರ್ಷಗಟ್ಟಲೆ ದಿನವೂ ಮಾತಾಡಿದವರ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿರುವುದಿಲ್ಲ. ಅವರ ಆಂಟೆನಾ ಎಷ್ಟು ಎತ್ತರ, ಯಾವ ದಿಕ್ಕಿಗೆ, ಫೀಡರ್ ಕೇಬಲ್ ಎಷ್ಟು ಮೀಟರ್ ಎನ್ನುವುದು ಮಾತ್ರ ಬಾಯಿಪಾಠ. ಈ ಬರಹ ಅಂಥ ಗೆಳೆಯ ಹೋದ ಮೇಲೆ ಉಳಿಯುವ ಕೆಲಸದ ಬಗ್ಗೆ. ಶ್ರದ್ಧಾಂಜಲಿ ಬರೆಯುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಸ್ಟೇಷನ್, ಅಂದರೆ ಮನೆಯಲ್ಲಿನ ರೇಡಿಯೋ ವ್ಯವಸ್ಥೆಯನ್ನು, ಸರಿಯಾಗಿ ಮುಚ್ಚಿಕೊಡುವವರು ಸಿಗುವುದು ಕಷ್ಟ, ಮನೆಯವರಿಗೆ ಬೇಕಾಗಿರುವುದು ಆ ಎರಡನೆಯವರು.

ಒಂದು ವಾರ ದನಿ ಕೇಳದಿದ್ದರೆ ಫೋನ್ ಮಾಡಿ. ಫೋನ್ ಎತ್ತದಿದ್ದರೆ ಅದೇ ಊರಿನ ಅಥವಾ ಪಕ್ಕದ ಊರಿನ ಇನ್ನೊಬ್ಬ ಹ್ಯಾಮ್‌ಗೆ ಹೇಳಿ, ಹೋಗಿ ನೋಡಿ ಬರಲಿ. ಮೋರ್ಸ್ (ಚುಕ್ಕಿ-ಗೆರೆ ಸಂಕೇತ) ಪ್ರಿಯರಾಗಿದ್ದರೆ ರಿವರ್ಸ್ ಬೀಕನ್ ನೆಟ್‌ವರ್ಕ್‌ನಲ್ಲಿ ಅವರ ಕಾಲ್‌ಸೈನ್ ಹುಡುಕಬಹುದು. ಜಗತ್ತಿನ ಹಲವೆಡೆ ಇಟ್ಟಿರುವ ಸ್ವಯಂಚಾಲಿತ ರಿಸೀವರ್‌ಗಳು 'ಸಿಕ್ಯು' (ಯಾರಾದರೂ ಉತ್ತರಿಸಿ) ಎಂದು ಕರೆದವರನ್ನು ವೇಗ, ಕಂಪನಾಂಕ, ಹೊತ್ತಿನ ಸಮೇತ ದಾಖಲಿಸಿರುತ್ತವೆ. ಕೊನೆಯ ಸಲ ಯಾವಾಗ ಕೀ ಒತ್ತಿದರು ಎಂಬುದು ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ.

ಇದಕ್ಕೆ ತಿರುವುಮುರುವಾದದ್ದೂ ಉಂಟು. ಕೆಲವರು ವಿಸ್ಪರ್ ಬೀಕನ್, ಅಂದರೆ ತಾನಾಗಿಯೇ ಗುರುತು ಸಾರುವ ಪುಟ್ಟ ಟ್ರಾನ್ಸ್‌ಮಿಟರ್, ಕಟ್ಟಿ, ಮಿಲಿವ್ಯಾಟ್ ಲೆಕ್ಕದ ಶಕ್ತಿಯಲ್ಲಿ ಹಗಲಿರುಳು ಓಡಲು ಬಿಟ್ಟಿರುತ್ತಾರೆ. ಸಮ ಸಂಖ್ಯೆಯ ನಿಮಿಷ ಶುರುವಾದ ಒಂದು ಸೆಕೆಂಡಿಗೆ ಅದು ಎದ್ದು, 110.6 ಸೆಕೆಂಡ್ ಹೊತ್ತು ಕಾಲ್‌ಸೈನ್, ನಾಲ್ಕು ಅಕ್ಷರದ ಲೊಕೇಟರ್ (ಜಾಗದ ಸಂಕೇತ), ಶಕ್ತಿ ಇಷ್ಟನ್ನೇ ಕಳಿಸುತ್ತದೆ. ಬೆಂಗಳೂರು, ಮೈಸೂರು ಎರಡೂ ಎಂಕೆ82; ಮಂಗಳೂರು ಎಂಕೆ72; ಹುಬ್ಬಳ್ಳಿ ಎಂಕೆ75. ಮನೆಯವರಿಗೆ ಅದು ಕಪಾಟಿನ ಮೇಲೆ ಕೆಂಪು ದೀಪ ಮಿನುಗಿಸುವ ಪುಟ್ಟ ಡಬ್ಬಿ. ತಿಥಿ ಮುಗಿದರೂ ಅದು ಯಜಮಾನರ ಹೆಸರನ್ನು ಲೋಕಕ್ಕೆ ಸಾರುತ್ತಲೇ ಇರುತ್ತದೆ. ಭಾವುಕರಾಗಿ ಅದನ್ನು ಹಾಗೇ ಬಿಡಿ ಎನ್ನುವವರಿದ್ದಾರೆ. ಬಿಡಬಾರದು. ಪರವಾನಗಿ ಹೊಂದಿದವರು ಇಲ್ಲವಾದ ಮೇಲೆ ಆ ಪ್ರಸಾರಕ್ಕೆ ಹೊಣೆಗಾರರೇ ಇಲ್ಲ. ಮನೆಗೆ ಹೋದವರು ಮೊದಲು ಆರಿಸಬೇಕಾದದ್ದು ಅದನ್ನೇ. ಇತರರ ಸಂದೇಶಗಳನ್ನು ತಾನಾಗಿ ಮರುಪ್ರಸಾರ ಮಾಡುವ ಎಪಿಆರ್‌ಎಸ್ ಡಿಜಿಪೀಟರ್, ಅವನ್ನು ಅಂತರ್ಜಾಲಕ್ಕೆ ದಾಟಿಸುವ ಐಗೇಟ್ ಇದ್ದರೆ ಅವನ್ನೂ.

ನಾವು ಯಾರನ್ನು ಕಳೆದುಕೊಂಡೆವು ಎಂಬುದೂ ಈ ಹವ್ಯಾಸದಲ್ಲಿ ಅಷ್ಟು ಸಲೀಸಾದ ಪ್ರಶ್ನೆಯಲ್ಲ. ಹ್ಯಾಮ್‌ಗಳು ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದಲ್ಲಿ ದನಿಯ 300 ಹರ್ಟ್ಸ್‌ನಿಂದ 2700 ಹರ್ಟ್ಸ್‌ವರೆಗಿನ ಭಾಗ ಮಾತ್ರ ಹೋಗುತ್ತದೆ. ಗಂಡಸರ ದನಿಯ ಮೂಲ ಸ್ವರ ನೂರು ಚಿಲ್ಲರೆ ಹರ್ಟ್ಸ್. ಅದು ಪ್ರಸಾರವಾಗುವುದೇ ಇಲ್ಲ. ಕೇಳುವವರ ಕಿವಿ ಮೇಲಿನ ಸ್ವರಗಳ ಅಂತರ ಹಿಡಿದು ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಟ್ಯೂನಿಂಗ್ ನೂರು ಹರ್ಟ್ಸ್ ಆಚೀಚೆ ಆದರೆ ಆ ಊಹೆ ಕೆಟ್ಟು ದನಿ ಬಾತುಕೋಳಿಯದಾಗುತ್ತದೆ. ಅಂದರೆ ಇಪ್ಪತ್ತು ವರ್ಷ ನಮಗೆ ಪರಿಚಿತವಾಗಿದ್ದ ದನಿಯಲ್ಲಿ ಅರ್ಧ ನಮ್ಮ ಕಿವಿಯೇ ಕಟ್ಟಿಕೊಂಡದ್ದು. ನೆಟ್‌ನ ಧ್ವನಿಮುದ್ರಣ ಇದ್ದರೆ ಮನೆಯವರಿಗೆ ಕೇಳಿಸುವಾಗ ಇದನ್ನು ಮೊದಲೇ ಹೇಳಿ. ಹೆಂಡತಿ ಮಕ್ಕಳಿಗೆ ಆ ತೆಳು ದನಿ ತಟ್ಟನೆ ಗುರುತು ಸಿಗುವುದಿಲ್ಲ. ನಿಧಾನಕ್ಕೆ, ಯಾವುದೋ ಒಂದು ಪದ ಎಳೆಯುವ ಬಗೆಯಲ್ಲಿ ಸಿಗುತ್ತದೆ.

ಮೋರ್ಸ್‌ನಲ್ಲಿ ಗುರುತು ಇನ್ನೂ ಗಟ್ಟಿ. ಲೆಕ್ಕದ ಪ್ರಕಾರ ಡಿಟ್ (ಚುಕ್ಕಿ) ಒಂದು ಮಾತ್ರೆ, ಡಾ (ಗೆರೆ) ಮೂರು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಿಮಿಷಕ್ಕೆ 12 ಪದದ ವೇಗದಲ್ಲಿ ಡಿಟ್ 100 ಮಿಲಿಸೆಕೆಂಡ್, 20 ಪದದಲ್ಲಿ 60. ಈ ಲೆಕ್ಕವನ್ನು ಚಾಚೂ ತಪ್ಪದೆ ಪಾಲಿಸುವುದು ಎಲೆಕ್ಟ್ರಾನಿಕ್ ಕೀಯರ್ ಮಾತ್ರ. ಸ್ಟ್ರೈಟ್ ಕೀ, ಅಂದರೆ ಕೈಯಿಂದಲೇ ಒತ್ತುವ ಸನ್ನೆ, ಬಳಸುವವರ ಕೈ ಲೆಕ್ಕ ತಪ್ಪಿಸುತ್ತದೆ, ಆದರೆ ಪ್ರತಿಸಲವೂ ಒಂದೇ ರೀತಿ ತಪ್ಪಿಸುತ್ತದೆ. ಒಬ್ಬರು ಕಾಲ್‌ಸೈನಿನ ಕೊನೆಯ ಡಾ ಎಳೆಯುತ್ತಾರೆ, ಇನ್ನೊಬ್ಬರು '2' ಬರೆಯುವಾಗ ಮೊದಲೆರಡು ಡಿಟ್ ಅವಸರದಲ್ಲಿ ನುಂಗುತ್ತಾರೆ. ಮನೆಯಲ್ಲೇ ಕಟ್ಟಿದ ಟ್ರಾನ್ಸ್‌ಮಿಟರ್ ಆಗಿದ್ದರೆ ಚಿರ್ಪ್ ಬೇರೆ: ಕೀ ಒತ್ತಿದ ಕ್ಷಣ ಸಪ್ಲೈ ವೋಲ್ಟೇಜ್ ಕುಸಿದು ಆಸಿಲೇಟರ್ ಹತ್ತಿಪ್ಪತ್ತು ಹರ್ಟ್ಸ್ ಜಾರುತ್ತದೆ, ಪ್ರತಿ ಡಾ ಶುರುವಿನಲ್ಲಿ 'ಚುಯ್' ಎಂಬ ಚಿಲಿಪಿಲಿ. ಝೀನರ್ ಡಯೋಡ್ ಹಾಕಿದರೆ ಹೋಗುವ ದೋಷವದು. ಗೆಳೆಯರು ಎಷ್ಟು ಹೇಳಿದರೂ ಸರಿಮಾಡಿಕೊಳ್ಳದವರೇ ಹೆಚ್ಚು. ಈಗ ಬ್ಯಾಂಡ್‌ನಲ್ಲಿ ಅದು ಇಲ್ಲದ್ದೇ ಕಿವಿಗೆ ಕುಟ್ಟುತ್ತದೆ.

ತೀರಿಕೊಂಡ ಹ್ಯಾಮ್‌ಗೆ ಸೈಲೆಂಟ್ ಕೀ ಎನ್ನುತ್ತಾರೆ, ಚಿಕ್ಕದಾಗಿ ಎಸ್‌ಕೆ. ಮಾತು ಮುಗಿಸುವಾಗ ಕಳಿಸುವ ಡಿಡಿಡಿ ಡಾ ಡಿ ಡಾ ಕೂಡ ಎಸ್‌ಕೆಯೇ. ಸುದ್ದಿಯನ್ನು ನೆಟ್‌ನಲ್ಲಿ ಹೇಳುವ ಮುನ್ನ ಮನೆಯವರಿಂದಲೇ ಖಚಿತಪಡಿಸಿಕೊಳ್ಳಿ. ಬದುಕಿರುವವರನ್ನು ಎಸ್‌ಕೆ ಮಾಡುವ ಅನಾಹುತ ಸುಲಭದಲ್ಲಿ ಆಗಿಬಿಡುತ್ತದೆ. ಭಾರತದ ಕಾಲ್‌ಸೈನ್‌ಗಳ ಆರಂಭದ ವಿಯು2 ಮತ್ತು ವಿಯು3ರ ನಡುವಿನ ವ್ಯತ್ಯಾಸ, ಕೊನೆಯ ಮೂರಕ್ಷರದಲ್ಲಿ ಬಿ ಮತ್ತು ಡಿ ಅದಲುಬದಲು, ಇಷ್ಟು ಸಾಕು. ಆದ್ದರಿಂದ ಕಾಲ್‌ಸೈನನ್ನು ಫೊನೆಟಿಕ್ಸ್‌ನಲ್ಲಿ (ಬಿಗೆ ಬ್ರಾವೊ, ಡಿಗೆ ಡೆಲ್ಟಾ ಎಂಬಂತೆ) ಎರಡು ಸಲ, ಜತೆಗೆ ಹೆಸರು, ಊರು ಹೇಳಬೇಕು. ಸಾವಿನ ಕಾರಣ ಹೇಳಬೇಕಿಲ್ಲ. ಹ್ಯಾಮ್ ಬ್ಯಾಂಡ್ ಖಾಸಗಿ ಅಲ್ಲ, ಯಾರು ಬೇಕಾದರೂ ಕೇಳಬಹುದು. ಮನೆ ವಿಳಾಸ, ಅಂತ್ಯಕ್ರಿಯೆಗೆ ಮನೆ ಖಾಲಿಯಿರುವ ಹೊತ್ತು ಇವೆಲ್ಲ ಫೋನ್‌ನಲ್ಲಿ ಹೇಳುವ ವಿಷಯ.

ಮೌನ ಆಚರಿಸುವುದಕ್ಕೂ ಕ್ರಮವಿದೆ. ನೆಟ್ ಕಂಟ್ರೋಲ್, ಅಂದರೆ ನೆಟ್ ನಡೆಸುವವರು, ಎಷ್ಟು ಹೊತ್ತು ಎಂದು ಮೊದಲೇ ಹೇಳಬೇಕು, ಒಂದು ನಿಮಿಷ ಸಾಕು. ಹೇಳದಿದ್ದರೆ ಆಗಷ್ಟೇ ರಿಗ್ (ರೇಡಿಯೋ ಸೆಟ್) ಹಚ್ಚಿದ ದೂರದವರು ಕಂಪನಾಂಕ ಖಾಲಿಯಿದೆ ಎಂದುಕೊಂಡು 'ಸಿಕ್ಯು' ಶುರುಮಾಡುತ್ತಾರೆ, ಅವರ ಮೇಲೆ ನಾಲ್ಕು ಜನ ಮುಗಿಬೀಳುತ್ತಾರೆ, ಮೌನ ಹೋಗಿ ಗಲಾಟೆಯಾಗುತ್ತದೆ. ಆಮೇಲೆ ಕಾಲ್‌ಸೈನನ್ನು ಮೂರು ಸಲ ಕರೆದು, ಹತ್ತು ಸೆಕೆಂಡ್ ಕಾದು, 73 (ಶುಭಾಶಯ) ಹೇಳಿ ಹಾಜರಿ ಪಟ್ಟಿಯಿಂದ ತೆಗೆಯುವುದು ಹಲವು ನೆಟ್‌ಗಳ ರೂಢಿ. ಭಕ್ತಿಗೀತೆಯನ್ನೋ ಅವರದೇ ಹಳೆಯ ಧ್ವನಿಮುದ್ರಣವನ್ನೋ ಮೈಕ್ ಮುಂದೆ ಹಿಡಿಯುವ ಆಸೆ ಕೆಲವರಿಗೆ. 1978ರ ಹವ್ಯಾಸಿ ಸೇವಾ ನಿಯಮಗಳಲ್ಲಿ ಸಂಗೀತ, ಧ್ವನಿಮುದ್ರಿತ ಪ್ರಸಾರ ನಿಷಿದ್ಧ. ಹಾಗೆಯೇ ತೀರಿಕೊಂಡವರ ಕಾಲ್‌ಸೈನ್ ಇಟ್ಟುಕೊಂಡು 'ಕೊನೆಯ ಸಂದೇಶ' ಕಳಿಸುವುದೂ ತಪ್ಪು. ಮಾತಾಡುವವರು ತಮ್ಮ ಕಾಲ್‌ಸೈನ್‌ನಲ್ಲೇ ಮಾತಾಡಬೇಕು. ಲೈಸೆನ್ಸ್ ವ್ಯಕ್ತಿಗೆ ಕೊಟ್ಟದ್ದು, ವ್ಯಕ್ತಿಯೊಂದಿಗೆ ಮುಗಿಯುತ್ತದೆ. ಮನೆ, ಜಮೀನಿನ ಹಾಗೆ ಮಗಳಿಗೆ ಬರುವುದಿಲ್ಲ. ಮಗಳು 12 ದಾಟಿದ್ದರೆ ಪರೀಕ್ಷೆ ಕಟ್ಟಿ ತನ್ನದೇ ಕಾಲ್‌ಸೈನ್ ಪಡೆಯಬಹುದು. ಅಮೆರಿಕದಲ್ಲಿ ತೀರಿಕೊಂಡವರ ಕಾಲ್‌ಸೈನನ್ನು ಎರಡು ವರ್ಷ ಬೇರೆಯವರಿಗೆ ಕೊಡುವುದಿಲ್ಲ, ಹತ್ತಿರದ ಬಂಧುಗಳಿಗೆ ವಿನಾಯಿತಿ ಉಂಟು.

ದೊಡ್ಡವರ ಕಾಲ್‌ಸೈನ್‌ಗಳನ್ನು ನೆನೆಯಲು ದೊಡ್ಡ ದಾರಿಗಳಿವೆ. ಜೋರ್ಡಾನಿನ ದೊರೆ ಹುಸೇನ್ ಜೆವೈ1 ಆಗಿದ್ದರು, 1999ರಲ್ಲಿ ತೀರಿಕೊಂಡರು. 2018ರ ಡಿಸೆಂಬರ್‌ನಲ್ಲಿ ಹಾರಿದ ಜೋರ್ಡಾನಿನ ಪುಟ್ಟ ಉಪಗ್ರಹಕ್ಕೆ ಜೆವೈ1ಸ್ಯಾಟ್ ಎಂದೇ ಹೆಸರಿಟ್ಟರು. ರಾಜೀವ್ ಗಾಂಧಿಯವರ ವಿಯು2ಆರ್‌ಜಿ ಇಂದಿಗೂ ಹಳೆಯ ಹ್ಯಾಮ್‌ಗಳ ಬಾಯಲ್ಲಿದೆ. ಉಳಿದವರಿಗೆ ಗೆಳೆಯರೇ ಗತಿ.

ಇನ್ನು ಮನೆಗೆ ಹೋಗುವ ವಿಷಯ. ಅವರನ್ನು ನಾವು ಕಾಲ್‌ಸೈನಿನಿಂದ, 'ಓಎಂ' (ಓಲ್ಡ್ ಮ್ಯಾನ್) ಎಂದು ಕರೆದವರು. ಮನೆಯಲ್ಲಿ ಅವರು ಅಪ್ಪ, ಮಾವ, ಪಕ್ಕದ ಮನೆಯವರಿಗೆ ಮೇಷ್ಟ್ರು. 'ಅಮ್ಮಾ, ನಾವು ಸಾರ್‌ನ ರೇಡಿಯೋ ಸ್ನೇಹಿತರು' ಎಂದರೆ ಸಾಕು. ಮೊದಲ ಭೇಟಿಯಲ್ಲಿ ರಿಗ್ ಬಗ್ಗೆ ಕೇಳಲೇಬೇಡಿ. 'ಆ ಐಕಾಮ್ ರಿಗ್ ಮಾರ್ತೀರಾ' ಎಂದು ಮೂರನೇ ದಿನವೇ ಫೋನ್ ಮಾಡುವ ಜನ ಎಲ್ಲ ಊರಲ್ಲೂ ಇದ್ದಾರೆ. ಅವರಿಂದಾಗಿ ಆಮೇಲೆ ಹೋದ ಸಜ್ಜನರನ್ನೂ ಮನೆಯವರು ಅನುಮಾನದಿಂದ ನೋಡುತ್ತಾರೆ. ಹದಿಮೂರನೇ ದಿನ ಕಳೆಯಲಿ. ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಮೂರೇ: ಬೀಕನ್ ಆರಿಸುವುದು, ಪವರ್ ಸಪ್ಲೈ ಪ್ಲಗ್ ಕೀಳುವುದು, ಆಂಟೆನಾ ಕೇಬಲ್ಲನ್ನು ರಿಗ್ಗಿನಿಂದ ಬಿಚ್ಚುವುದು.

ಮೂರನೆಯದರಲ್ಲಿ ಒಂದು ಮೋಸವಿದೆ. ಬಿಚ್ಚಿದ ಕೇಬಲ್ಲನ್ನು ಕಿಟಕಿ ಒಳಗೆ ಮಂಚದ ಪಕ್ಕ ನೇತಾಡಲು ಬಿಟ್ಟರೆ ರಿಗ್ ಉಳಿಯುತ್ತದೆ, ಮಂಚದ ಮೇಲೆ ಮಲಗಿದವರಿಗೆ ಅಪಾಯ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಗೆ ಸಿಡಿಲು ಹೆಚ್ಚು. ಕೇಬಲ್ಲನ್ನು ಮನೆಯ ಹೊರಗೇ ಬಿಚ್ಚಿ, ಒಳತಂತಿ ಮತ್ತು ಜಾಲರಿ ಎರಡನ್ನೂ ಸೇರಿಸಿ ಅರ್ತ್ ರಾಡ್‌ಗೆ ಕಟ್ಟಬೇಕು.

ಶ್ಯಾಕ್‌ನ (ರೇಡಿಯೋ ಕೋಣೆಯ) ಒಳಗೆ ಕೈಹಾಕುವ ಮುನ್ನ ಮೇಜಿನ ಮುಂದಿನ, ಹಿಂದಿನ ಫೋಟೊ ತೆಗೆಯಿರಿ. ಯಾವ ತಂತಿ ಎಲ್ಲಿಗೆ ಎಂದು ಪೇಪರ್ ಟೇಪ್ ಮೇಲೆ ಬರೆದು ಅಂಟಿಸಿ. ಒಂದು ಸಲ ಬಿಚ್ಚಿದ ಮೇಲೆ ಕೇಳೋಣವೆಂದರೆ, ಆ ಗೋಜಲನ್ನು ಅರ್ಥಮಾಡಿಕೊಂಡಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.

ಟ್ರಾನ್ಸಿಸ್ಟರ್ ರಿಗ್‌ಗಳಿಂದ ಜೀವಭಯವಿಲ್ಲ. ಐಕಾಮ್ 7300ರಂಥವು ಓಡುವುದು 13.8 ವೋಲ್ಟ್‌ನಲ್ಲಿ. ವಾಲ್ವ್ (ಹಳೆಯ ಕಾಲದ ನಿರ್ವಾತ ನಳಿಕೆ) ಸೆಟ್ ಕಂಡರೆ ಮಾತ್ರ ಕೈ ಹಿಂದಕ್ಕಿರಲಿ. ನಮ್ಮ ಹಿರಿಯರು ಕಟ್ಟುತ್ತಿದ್ದ 807 ವಾಲ್ವಿನ ಟ್ರಾನ್ಸ್‌ಮಿಟರ್‌ನಲ್ಲಿ, ಯಾಯೆಸು ಎಫ್‌ಟಿ-101ರಲ್ಲಿ 600 ವೋಲ್ಟ್ ಆಸುಪಾಸು ಇರುತ್ತದೆ. ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಭಾಗ, 600 ವೋಲ್ಟ್, 32 ಮೈಕ್ರೋಫ್ಯಾರಡ್ ಎಂದರೆ ಸುಮಾರು 6 ಜೂಲ್. ಕೈ ಕಿತ್ತುಕೊಳ್ಳುವಂತೆ ಹೊಡೆಯುತ್ತದೆ, ಕೆಟ್ಟ ಗಳಿಗೆಯಲ್ಲಿ ಕೊಲ್ಲಲೂಬಹುದು. 3-500ಝಡ್ ವಾಲ್ವ್ ಎರಡಿರುವ, ಪ್ರಸಾರದ ಶಕ್ತಿ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್‌ನಲ್ಲಿ 3000 ವೋಲ್ಟ್, 30 ಮೈಕ್ರೋಫ್ಯಾರಡ್: 135 ಜೂಲ್. ಲಯ ತಪ್ಪಿದ ಹೃದಯಕ್ಕೆ ಆಸ್ಪತ್ರೆಯಲ್ಲಿ ಎದೆಯ ಮೇಲೆ ಕೊಡುವ ಷಾಕ್ ಇದೇ ಸುಮಾರಿನದು. ಇಲ್ಲಿ ಅದು ಬೆರಳ ತುದಿಯಿಂದ ಒಳಗೆ ಬರುತ್ತದೆ.

ಪ್ಲಗ್ ಕಿತ್ತರೆ ಸಾಲದೇ ಎಂದು ಕೇಳುತ್ತಾರೆ. ಸರಿಯಾಗಿದ್ದರೆ ಸಾಕು: 30 ಮೈಕ್ರೋಫ್ಯಾರಡ್‌ಗೆ ಅಡ್ಡಲಾಗಿ ಚಾರ್ಜ್ ಇಳಿಸುವ 100 ಕಿಲೋ ಓಮ್ ಬ್ಲೀಡರ್ ಇದ್ದರೆ 15 ಸೆಕೆಂಡಿನಲ್ಲಿ 3000 ವೋಲ್ಟ್ ಇಳಿದು 20 ಆಗುತ್ತದೆ. ಆದರೆ ಬ್ಲೀಡರ್ ಯಾವಾಗಲೂ ಬಿಸಿಯಲ್ಲಿ ಬೇಯುವ ರೆಸಿಸ್ಟರ್, ವರ್ಷಗಳ ನಂತರ ಸುಟ್ಟು ತೆರೆದುಕೊಳ್ಳುವುದೂ (ಒಳಗೆ ಕಡಿದುಹೋಗುವುದೂ) ಮೊದಲು ಅದೇ. ಅದು ತೆರೆದಿದ್ದರೆ ಒಳ್ಳೆಯ ಕೆಪಾಸಿಟರ್ ದಿನಗಟ್ಟಲೆ ಚಾರ್ಜ್ ಹಿಡಿದುಕೊಂಡಿರುತ್ತದೆ. ಹೊರಗಿಂದ ನೋಡಿದರೆ ಏನೂ ತಿಳಿಯದು, ಯಜಮಾನರಿಗೂ ತಿಳಿದಿರಲಿಕ್ಕಿಲ್ಲ.

ಆದ್ದರಿಂದ ಡಿಸ್ಚಾರ್ಜ್ ಕೋಲು ಬೇಕು. 60 ಸೆಂಟಿಮೀಟರ್ ಒಣ ಪಿವಿಸಿ ಪೈಪಿನ ತುದಿಗೆ ಹಿತ್ತಾಳೆ ಕೊಕ್ಕೆ, ಅದರಿಂದ 2 ಕಿಲೋ ಓಮ್‌ನ ಐದು ವೈರ್‌ವೌಂಡ್ ರೆಸಿಸ್ಟರ್ ಸರಣಿಯಲ್ಲಿ, ಅಲ್ಲಿಂದ ದಪ್ಪ ತಂತಿ, ತುದಿಯಲ್ಲಿ ಕ್ರಾಕೊಡೈಲ್ ಕ್ಲಿಪ್. ಐದು ಯಾಕೆಂದರೆ ಒಂದೇ ರೆಸಿಸ್ಟರ್ 3000 ವೋಲ್ಟ್ ತಾಳದೆ ಮೇಲ್ಮೈಯಲ್ಲೇ ಕಿಡಿ ಹಾರಿಸುತ್ತದೆ. ಮೊದಲು ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಕ್ಲಿಪ್ಪನ್ನು ಚಾಸಿಗೆ (ಲೋಹದ ಚೌಕಟ್ಟಿಗೆ) ಕಚ್ಚಿಸಿ, ಎಡಗೈ ಜೇಬಿನಲ್ಲಿಟ್ಟು, ಕೊಕ್ಕೆಯನ್ನು ಹೈವೋಲ್ಟೇಜ್ ತುದಿಗೆ ತಾಗಿಸಿ ಹತ್ತು ಸೆಕೆಂಡ್ ಹಿಡಿಯಿರಿ. ಲೆಕ್ಕದಲ್ಲಿ ಒಂದೂವರೆ ಸೆಕೆಂಡ್ ಸಾಕು, ಆದರೆ ಈ ವಿಷಯದಲ್ಲಿ ಲೆಕ್ಕ ನಂಬಿ ಅವಸರಪಡಬಾರದು. ನಂತರ ನೇರ ತಂತಿಯಿಂದ ಚಾಸಿಗೆ ಶಾರ್ಟ್ ಮಾಡಿ, ಆ ತಂತಿಯನ್ನು ಹಾಗೇ ಬಿಡಿ. ದೊಡ್ಡ ಕೆಪಾಸಿಟರ್‌ಗಳು ಖಾಲಿಯಾದ ಮೇಲೂ ತಾವಾಗಿಯೇ ಸ್ವಲ್ಪ ಚಾರ್ಜ್ ಮರಳಿ ಪಡೆಯುತ್ತವೆ. 240 ಮೈಕ್ರೋಫ್ಯಾರಡ್‌ನ ಎಂಟನ್ನು ಸರಣಿಯಲ್ಲಿ ಜೋಡಿಸಿದ ಸಪ್ಲೈ ಆದರೆ ಪ್ರತಿಯೊಂದರ ಎರಡು ತುದಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸಾಮಾನ್ಯ ಮಲ್ಟಿಮೀಟರ್ 600 ಅಥವಾ 1000 ವೋಲ್ಟ್‌ವರೆಗೆ ಮಾತ್ರ, 3000ಕ್ಕೆ ಇಟ್ಟರೆ ಅದೂ ಹೋಗುತ್ತದೆ, ಕೈಯೂ ಹೋಗುತ್ತದೆ. ಇದಾವುದೂ ಗೊತ್ತಿಲ್ಲದವರು ಮುಚ್ಚಳ ತೆಗೆಯದೆ ಗೊತ್ತಿದ್ದವರನ್ನು ಕರೆಯುವುದು ಒಳ್ಳೆಯದು.

'ನಡೀತದಾ ನೋಡೋಣ' ಎಂದು ಹಳೆಯ ವಾಲ್ವ್ ಸೆಟ್ಟಿಗೆ ನೇರವಾಗಿ 230 ವೋಲ್ಟ್ ಕೊಡುವುದು ಇನ್ನೊಂದು ತಪ್ಪು. ವರ್ಷಗಳ ಕಾಲ ಸುಮ್ಮನೆ ಕೂತ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಕ್ಸೈಡ್ ಪದರ ತೆಳುವಾಗಿರುತ್ತದೆ, ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಸೋರಿ, ಬಿಸಿಯಾಗಿ, ಒಡೆಯುತ್ತದೆ. ವೋಲ್ಟೇಜ್ ಏರಿಳಿಸುವ ವೇರಿಯಾಕ್‌ನಿಂದ ಗಂಟೆಗಟ್ಟಲೆ ನಿಧಾನವಾಗಿ ಏರಿಸಬೇಕು. ಅದಿಲ್ಲದಿದ್ದರೆ ಕಡೇಪಕ್ಷ 60 ವ್ಯಾಟ್ ಹಳೆಯ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬ್ ಒಮ್ಮೆ ಮಿಂಚಿ ಮಂದವಾದರೆ ಸರಿ, ಪ್ರಕಾಶವಾಗಿಯೇ ಉರಿದರೆ ಒಳಗೆ ಶಾರ್ಟ್ ಇದೆ, ಪ್ಲಗ್ ಕೀಳಿ.

ಬ್ಯಾಟರಿಗಳೂ ಕಾಯುವುದಿಲ್ಲ. ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಇಲ್ಲದೆ ಆರು ತಿಂಗಳು ಬಿದ್ದಿದ್ದರೆ ಸಲ್ಫೇಟ್ ಕಟ್ಟಿ ಹೋಗುತ್ತದೆ. ವಾಕಿಟಾಕಿಯ ಉಬ್ಬಿದ ಲಿಥಿಯಂ ಪ್ಯಾಕನ್ನು ಚಾರ್ಜಿಗೆ ಇಡಲೇಬಾರದು. ಮೀಟರ್, ಕೀಯರ್‌ಗಳೊಳಗಿನ ಪೆನ್ಸಿಲ್ ಸೆಲ್ ಮೊದಲು ತೆಗೆಯಿರಿ, ಸೋರಿದರೆ ತಾಮ್ರದ ಟ್ರ್ಯಾಕ್ ತಿಂದುಹಾಕುತ್ತವೆ. ಉಪಗ್ರಹಗಳ ಸಾವೂ ಬಹುಮಟ್ಟಿಗೆ ಬ್ಯಾಟರಿಯಿಂದಲೇ. ಬೆಂಗಳೂರಿನಲ್ಲಿ ಕಟ್ಟಿ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ 42.5 ಕೆಜಿಯ ಹ್ಯಾಮ್‌ಸ್ಯಾಟ್ ಒಂಬತ್ತು ವರ್ಷ ಜಗತ್ತಿನ ಹ್ಯಾಮ್‌ಗಳ ಮಾತು ಹೊತ್ತು, 2014ರ ಜುಲೈನಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಕೈಕೊಟ್ಟು ನಿಂತಿತು. 1974ರ ಹ್ಯಾಮ್ ಉಪಗ್ರಹ ಆಸ್ಕರ್-7 ಮಾತ್ರ ಅಪವಾದ. ಬ್ಯಾಟರಿ ಶಾರ್ಟ್ ಆಗಿ 1981ರಲ್ಲಿ ಸತ್ತಿತ್ತು. 2002ರಲ್ಲಿ ಅದೇ ಶಾರ್ಟ್ ಬಿಟ್ಟುಕೊಂಡು, ಬಿಸಿಲಿದ್ದಾಗ ಸೌರಫಲಕದ ಕರೆಂಟಿನಲ್ಲೇ ಮತ್ತೆ ಮಾತಾಡತೊಡಗಿತು.

ಆಂಟೆನಾ ಇಳಿಸುವುದನ್ನು ಮನೆಯವರು ಪೇಂಟರ್‌ಗೋ ಎಲೆಕ್ಟ್ರಿಷಿಯನ್‌ಗೋ ಒಪ್ಪಿಸುವ ಮುನ್ನ ನೀವೇ ಹೋಗಿ. ತಂತಿಯ ಡೈಪೋಲ್ ಆದರೆ ಸುಲಭ. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ಚಿಲ್ಲರೆ ತಂತಿ, ಎರಡು ತುದಿಯಲ್ಲಿ ನೈಲಾನ್ ಹಗ್ಗ, ಒಂದು ತೆಂಗು, ಇನ್ನೊಂದು ಮಾವು. ಬಿಸಿಲಿಗೆ ನೈಲಾನ್ ಪುಡಿಪುಡಿಯಾಗಿರುತ್ತದೆ, ಜಗ್ಗಿದರೆ ಮೇಲೇ ತುಂಡಾಗುತ್ತದೆ. ತಂತಿಯನ್ನು ಮರ ನುಂಗಿದ್ದರೆ ಮರ ಕಡಿಯುವುದು ಬೇಡ, ತಂತಿ ಕತ್ತರಿಸಿ.

ಕಂಬವನ್ನು ಎಳೆದು ಹಿಡಿಯುವ ಗೈ ತಂತಿಗಳ ಮೇಲೆ ನಿಂತ ಒಂಬತ್ತು ಮೀಟರ್ ಜಿಐ ಪೈಪ್ ಬೇರೆಯದೇ ಕಥೆ. 120 ಡಿಗ್ರಿಗೊಂದರಂತೆ ಮೂರು ಗೈ ಇದ್ದು, ಒಂದನ್ನು ಬಿಚ್ಚಿದ ಕ್ಷಣ ಉಳಿದೆರಡು ಪೈಪನ್ನು ತಮ್ಮತ್ತ ಎಳೆದು ಬೀಳಿಸುತ್ತವೆ. ಬಿಚ್ಚುವ ಮುನ್ನ ಅದೇ ಜಾಗಕ್ಕೆ ಒಂದು ತಾತ್ಕಾಲಿಕ ಹಗ್ಗ ಕಟ್ಟಿ ಒಬ್ಬರು ಹಿಡಿಯಬೇಕು, ಇನ್ನಿಬ್ಬರು ಉಳಿದ ಗೈಗಳ ಬಳಿ, ನಾಲ್ಕನೆಯವರು ಬುಡದಲ್ಲಿ. ಹಗ್ಗವನ್ನು ನಿಧಾನಕ್ಕೆ ಸಡಿಲಿಸುತ್ತಾ ಎದುರು ದಿಕ್ಕಿಗೆ ಮಲಗಿಸಬೇಕು. ಬೀಳಬಹುದಾದ ದೂರದ ಒಳಗೆ ವಿದ್ಯುತ್ ಲೈನ್ ಇದ್ದರೆ ಲೈನ್‌ಮನ್ ಕರೆಸಿ ಕರೆಂಟ್ ತೆಗೆಸದೆ ಕೈಹಾಕಬೇಡಿ. ಕರಾವಳಿಯಲ್ಲಿ ಗೈ ಬಿಗಿಸುವ ಟರ್ನ್‌ಬಕಲ್ ತುಕ್ಕು ಹಿಡಿದು ತಿರುಗುವುದೇ ಇಲ್ಲ, ಪೈಪಿನ ಬುಡ ಬಣ್ಣದಡಿ ಟೊಳ್ಳಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿ ನೋಡಿ, ಸದ್ದು ಮೊಂಡಾದರೆ ಹತ್ತುವ ಮಾತೇ ಇಲ್ಲ. ಕೋಆಕ್ಸ್ ಮಾರಾಟಕ್ಕಿಡುವ ಮುನ್ನ ತುದಿಯಿಂದ ಒಂದಡಿ ಕತ್ತರಿಸಿ ಸಿಪ್ಪೆ ಸುಲಿಯಿರಿ. ಜಾಲರಿ ಹೊಳೆಯುತ್ತಿದ್ದರೆ ಇಟ್ಟುಕೊಳ್ಳಿ. ಕಪ್ಪೋ ಹಸಿರೋ ಆಗಿದ್ದರೆ ನೀರು ಕುಡಿದಿದೆ, ಗುಜರಿಗೆ.

ವಸ್ತುಗಳ ಪಟ್ಟಿ ಮಾಡುವಾಗ ಮಾಡೆಲ್, ಸೀರಿಯಲ್ ನಂಬರ್, ನಡೆಯುತ್ತದೋ ಇಲ್ಲವೋ, ಇಷ್ಟು ಬರೆಯಿರಿ. ಪರವಾನಗಿ ಇಲ್ಲದವರು ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವಂತಿಲ್ಲ ಎಂಬುದು 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಬಂದ ನಿಯಮ, ಹಾಗಾಗಿ ರಿಗ್ ಲೈಸೆನ್ಸ್ ಇರುವವರಿಗೆ ಮಾತ್ರ ಹೋಗಬೇಕು. ಅವರ ಲೈಸೆನ್ಸ್ ಪ್ರತಿ, ಸಹಿ ಮಾಡಿದ ರಸೀದಿ ಮನೆಯವರ ಕೈಯಲ್ಲಿರಬೇಕು. ಬೆಲೆ ಕಟ್ಟಲು ಹೋದವರು ತಾವೇ ಕೊಳ್ಳಬಾರದು. ಇದನ್ನು ಬರೆದು ಹೇಳಬೇಕಾಗಿ ಬಂದಿರುವುದೇ ನಾಚಿಕೆಗೇಡು, ಆದರೂ ಹೇಳಬೇಕು.

ಕಂಪನಿಯ ರಿಗ್‌ಗೆ ಗಿರಾಕಿ ಸಿಕ್ಕೇ ಸಿಗುತ್ತಾರೆ. ಅನಾಥವಾಗುವುದು ಕೈಯಲ್ಲಿ ಕಟ್ಟಿದ್ದು. ಹೈದರಾಬಾದಿನ ಅಶ್ಹರ್ ಫರ್ಹಾನ್, ವಿಯು2ಇಎಸ್‌ಇ, ರೂಪಿಸಿದ ಬಿಟ್ಎಕ್ಸ್ ರಿಗ್ಗಿನ ಸರ್ಕ್ಯೂಟನ್ನು ನಮ್ಮಲ್ಲಿ ಎಷ್ಟೋ ಜನ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಕ್ಕ ಭಾಗಗಳಿಂದ ಕಟ್ಟಿದ್ದಾರೆ, ಪ್ರತಿಯೊಬ್ಬರೂ ತಮಗೆ ಬೇಕಾದಂತೆ ತಿದ್ದಿದ್ದಾರೆ. ತಿದ್ದಿದ್ದು ನೋಟ್‌ಬುಕ್ಕಿನಲ್ಲಿರುತ್ತದೆ. ಡಬ್ಬಿ ಒಬ್ಬರಿಗೆ, ನೋಟ್‌ಬುಕ್ ರದ್ದಿಗೆ ಹೋದರೆ ಮುಂದೆ ಮೊದಲ ರಿಪೇರಿಗೇ ಆ ರಿಗ್ ಬಿಡಿಭಾಗವಾಗುತ್ತದೆ. ಎರಡನ್ನೂ ಒಟ್ಟಿಗೆ ಕಟ್ಟಿಡಿ. ಬಿಡಿಭಾಗದ ಡಬ್ಬಿಗಳಲ್ಲಿ ಹೆಸರಿಲ್ಲದ ಟೊರಾಯ್ಡ್‌ಗಳು (ತಂತಿ ಸುತ್ತುವ ಉಂಗುರಗಳು) ರಾಶಿ ಇರುತ್ತವೆ. ಹತ್ತು ಸುತ್ತು ತಂತಿ ಸುತ್ತಿ ಎಲ್‌ಸಿ ಮೀಟರ್‌ಗೆ ಹಿಡಿದರೆ ಗುರುತು ಸಿಗುತ್ತದೆ: ಹಳದಿ ಬಣ್ಣದ ಟಿ37-6 ಆದರೆ 0.3 ಮೈಕ್ರೋಹೆನ್ರಿ, ಕಪ್ಪು ಎಫ್‌ಟಿ37-43 ಆದರೆ ಅದರ ನೂರು ಪಟ್ಟಿಗೂ ಹೆಚ್ಚು. ಬೇರ್ಪಡಿಸಿ, ಚೀಟಿ ಹಚ್ಚಿ, ಎಂಜಿನಿಯರಿಂಗ್ ಕಾಲೇಜಿನ ಹ್ಯಾಮ್ ಕ್ಲಬ್‌ಗೆ ಕೊಟ್ಟರೆ ಮಕ್ಕಳು ಬಳಸುತ್ತಾರೆ. ಚೀಟಿ ಇಲ್ಲದೆ ಕೊಟ್ಟರೆ ಅವರ ಕಪಾಟಿನಲ್ಲೂ ಅದು ಕಸವೇ.

ಇಷ್ಟೆಲ್ಲ ಮುಗಿದ ಮೇಲೆ ಉಳಿಯುವುದು ಲಾಗ್ (ಸಂಪರ್ಕಗಳ ದಾಖಲೆ) ಮತ್ತು ಕಾರ್ಡ್‌ಗಳು. ನಮ್ಮ ಲೆಕ್ಕದಲ್ಲಿ ಗೆಳೆಯನಿಗೆ ಸಲ್ಲಬೇಕಾದ ನಿಜವಾದ ಸೇವೆ ಇಲ್ಲಿದೆ. ಪ್ರತಿ ಸಂಪರ್ಕಕ್ಕೂ ಅದನ್ನು ಖಚಿತಪಡಿಸುವ ಒಂದು ಕ್ಯುಎಸ್‌ಎಲ್ ಕಾರ್ಡ್ ಕಳಿಸುವುದು ಹ್ಯಾಮ್‌ಗಳ ಮರ್ಯಾದೆ. ಕಾರ್ಡ್‌ಗಳನ್ನು ಒಟ್ಟುಮಾಡಿ ಹಂಚುವ ಬ್ಯೂರೋ ಮೂಲಕ ಬರುವ ಕಾರ್ಡ್‌ಗೆ ಒಮ್ಮೊಮ್ಮೆ ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಯಜಮಾನರು ಹೋದ ಬಹುಕಾಲದವರೆಗೂ ಪೋಸ್ಟ್‌ಮನ್ ಕಾರ್ಡ್ ತರುತ್ತಲೇ ಇರುತ್ತಾನೆ. ಅವಕ್ಕೆ ಉತ್ತರ ಬರೆಯುವ ಹೊಣೆಯನ್ನು ಗೆಳೆಯರೊಬ್ಬರು ಮನೆಯವರ ಒಪ್ಪಿಗೆ ಪಡೆದು ಹೊರಬೇಕು. ಲಾಗ್‌ನಲ್ಲಿದ್ದರೆ ಮಾತ್ರ ಖಚಿತಪಡಿಸಿ, ಇಲ್ಲದ್ದನ್ನು ಕರುಣೆಯಿಂದ ಕೊಡಬೇಡಿ. ಅವರದೇ ಉಳಿದ ಖಾಲಿ ಕಾರ್ಡ್ ಬಳಸಿ, ಕೆಳಗೆ ನಿಮ್ಮ ಕಾಲ್‌ಸೈನ್ ಹಾಕಿ 'ಪರವಾಗಿ' ಎಂದು ಸಹಿ ಮಾಡಿ, ಮೂಲೆಯಲ್ಲಿ ಎಸ್‌ಕೆ ಎಂದು ಬರೆಯಿರಿ.

ಇಲ್ಲಿ ಎಡವುವುದು ಹೊತ್ತಿನ ಲೆಕ್ಕದಲ್ಲಿ. ಕಾರ್ಡ್‌ನಲ್ಲಿ ಯುಟಿಸಿ (ಜಾಗತಿಕ ಕಾಲಮಾನ) ಇರುತ್ತದೆ; ಹಳೆಯ ಪುಸ್ತಕದ ಲಾಗ್‌ನಲ್ಲಿ ಕೆಲವರು ಭಾರತೀಯ ಕಾಲಮಾನ ಬರೆದಿರುತ್ತಾರೆ, ಕೆಲವರು ನಡುವೆ ಬದಲಿಸಿರುತ್ತಾರೆ. ಐದೂವರೆ ಗಂಟೆ ಕಳೆದರೆ ಮುಗಿಯಿತು ಎನ್ನುವಂತಿಲ್ಲ, ತಾರೀಖೂ ಹಿಂದೆ ಸರಿಯಬಹುದು: 6ರ ಬೆಳಗಿನ ಜಾವ 2 ಗಂಟೆ ಎಂದರೆ ಯುಟಿಸಿಯಲ್ಲಿ 5ರ 20:30. ಇದನ್ನು ಗಮನಿಸದೆ 'ಲಾಗ್‌ನಲ್ಲಿ ಇಲ್ಲ' ಎಂದು ಎಷ್ಟೋ ನಿಜವಾದ ಸಂಪರ್ಕಗಳನ್ನು ತಿರಸ್ಕರಿಸಿಬಿಡುತ್ತಾರೆ. ಪುಟದಲ್ಲಿ ಯೂರೋಪಿನ ಸ್ಟೇಷನ್‌ಗಳು 20 ಮೀಟರ್‌ನಲ್ಲಿ ಯಾವ ಹೊತ್ತಿಗೆ ಸಾಲಾಗಿ ಬಂದಿವೆ ನೋಡಿ. 16 ಅಥವಾ 17 ಗಂಟೆ ಎಂದಿದ್ದರೆ ಯುಟಿಸಿ ಆಗಿರಬಹುದು, 22 ಎಂದಿದ್ದರೆ ಮನೆಯ ಗಡಿಯಾರ. ಒಂದು ಪರಿಚಿತ ಕಾರ್ಡ್ ಜತೆ ತಾಳೆ ನೋಡಿದರೆ ಅನುಮಾನ ತೀರುತ್ತದೆ.

ಕಂಪ್ಯೂಟರ್ ಲಾಗ್ ಆದರೆ, ಮೊಮ್ಮಗ ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ಮುನ್ನ ಲಾಗ್ ಇರುವ ಎಡಿಐ ಕಡತವನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಸಂಪರ್ಕ ಖಚಿತಪಡಿಸುವ ಲಾಗ್‌ಬುಕ್ ಆಫ್ ದ ವರ್ಲ್ಡ್ ಬಳಸುತ್ತಿದ್ದರೆ ಅವರ ಪ್ರಮಾಣಪತ್ರವೂ ಅದೇ ಗಣಕದಲ್ಲಿರುತ್ತದೆ, ಅದರ ಅವಧಿ ಮೂರು ವರ್ಷ. ಅವಧಿ ಇರುವಾಗಲೇ, ಮನೆಯವರಿಗೆ ತಿಳಿಸಿ, ಬಾಕಿ ಸಂಪರ್ಕಗಳನ್ನು ಕಳಿಸಿಬಿಟ್ಟರೆ ದೂರದ ದ್ವೀಪದಲ್ಲಿ ಕೂತು 'ವಿಯು' ಒಂದಕ್ಕಾಗಿ ಕಾಯುತ್ತಿರುವವರ ಲೆಕ್ಕ ಚುಕ್ತಾ.

ಬಂದ ಕಾರ್ಡ್‌ಗಳನ್ನು ಮನೆಯವರು ರದ್ದಿಗೆ ಹಾಕುವುದು ಸಹಜ: ಅಂಗೈಯಗಲದ ಸಾವಿರಾರು ಹಾಳೆ, ಗೆದ್ದಲು, ಸಿಲ್ವರ್‌ಫಿಶ್. ಹಳೆಯ ಪಿವಿಸಿ ಚೀಲದಲ್ಲಿದ್ದರೆ ಶಾಯಿ ಅಂಟಿಕೊಂಡಿರುತ್ತದೆ, ಎಳೆಯದೆ ಚೀಲದ ಅಂಚು ಕತ್ತರಿಸಿ ತೆಗೆಯಿರಿ. ಎಲ್ಲವನ್ನೂ ಉಳಿಸಬೇಕಿಲ್ಲ, ಆದರೆ ನೋಡದೆ ಕೊಡಬೇಡಿ. ಜೆವೈ1 ಕಾರ್ಡ್ ಇರಬಹುದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಎಂದು ಮಾತಾಡಿದ್ದರ ಕಾರ್ಡ್ ಇರಬಹುದು. ಸುನಾಮಿ ಬಡಿದ ಮೇಲೆ ಅದೇ ಸ್ಟೇಷನ್ ಅಂಡಮಾನ್‌ನ ಸುದ್ದಿ ಹೊರಗೆ ತಲುಪಿಸಿತ್ತು. ಈಗ ಭೂಪಟದಲ್ಲಿಲ್ಲದ ದೇಶಗಳ ಕಾರ್ಡ್‌ಗಳಂತೂ ಇದ್ದೇ ಇರುತ್ತವೆ. ಇಡೀ ಸಂಗ್ರಹ ಬೇಡವಾದರೆ ವಿಯೆನ್ನಾದ ಡೊಕ್ಯುಮೆಂಟಾಟಿಯೊನ್ಸ್ ಆರ್ಖೀವ್ ಫುಂಕ್ ಇಂಥವನ್ನೇ ಕಾಪಿಡುವ ಸಂಸ್ಥೆ.

ಇದನ್ನು ಓದುತ್ತಿರುವವರೂ ಹ್ಯಾಮ್ ಆಗಿದ್ದರೆ ಒಂದು ಹಾಳೆ ಬರೆದು ರಿಗ್ಗಿನ ಕೆಳಗಿಡಿ. ಲ್ಯಾಪ್‌ಟಾಪಿನ ಪಾಸ್‌ವರ್ಡ್, ಯಾವ ಡಬ್ಬಿಯಲ್ಲಿ ಹೈವೋಲ್ಟೇಜ್ ಇದೆ, ಯಾವುದು ಸದಾ ಓಡುತ್ತಿರುತ್ತದೆ, ಲಾಗ್ ಎಲ್ಲಿದೆ, ಯಾವ ಇಬ್ಬರಿಗೆ ಫೋನ್ ಮಾಡಬೇಕು. ಇವಿಷ್ಟನ್ನು ಬರೆಯುವವರೂ ಎರವಲು ತಂದದ್ದನ್ನು ಬರೆಯಲು ಮರೆಯುತ್ತಾರೆ. ಲಕ್ಷ ಬೆಲೆಯ ರಿಗ್ ಶಾಂತವಾಗಿ ಕೈ ಬದಲಾಗುತ್ತದೆ. ಗೆಳೆಯರ ನಡುವೆ ಮನಸ್ತಾಪ ಬರುವುದು ಯಾರದೆಂದು ಯಾರಿಗೂ ನೆನಪಿಲ್ಲದ ಒಂದು ಎಸ್‌ಡಬ್ಲ್ಯುಆರ್ ಮೀಟರಿನ ಮೇಲೆ.